ರಕ್ತಪಿಶಾಚಿ ಸಿನಿಮಾದ ಹಾಡು ಮದುವೆ ಹಾಲ್‌ಗೆ ಬಂದದ್ದು ಹೇಗೆ?

ರಿಸೆಪ್ಷನ್ ಸ್ಟೇಜಿನ ಕಡೆಗೆ ಮದುಮಕ್ಕಳು ನಡೆದು ಬರುವಾಗ ಸ್ಪೀಕರಿನಲ್ಲಿ ಮೆಲ್ಲಗೆ ಒಂದು ಇಂಗ್ಲಿಷ್ ಹಾಡು ಶುರುವಾಗುತ್ತದೆ. ಬೆಂಗಳೂರಿನ ಕನ್ವೆನ್ಷನ್ ಹಾಲ್‌ಗಳಲ್ಲಿ, ಮಂಗಳೂರಿನ ಚರ್ಚ್ ಮದುವೆಗಳಲ್ಲಿ, ಪ್ರೀ-ವೆಡ್ಡಿಂಗ್ ವಿಡಿಯೋಗಳಲ್ಲಿ, ರೀಲ್ಸ್‌ನಲ್ಲಿ ಇದನ್ನು ನೀವು ಕೇಳಿರುತ್ತೀರಿ. ಕೆಲವೊಮ್ಮೆ ಮಾತೇ ಇರುವುದಿಲ್ಲ, ಬರೀ ಪಿಯಾನೊ. ಹೆಸರು ಗೊತ್ತಿಲ್ಲದವರಿಗೂ ಆ ರಾಗ ಗೊತ್ತು.

ಹಾಡಿನ ಹೆಸರು ‘ಎ ಥೌಸಂಡ್ ಇಯರ್ಸ್’. ಬರೆದು ಹಾಡಿದವರು ಅಮೆರಿಕದ ಕ್ರಿಸ್ಟಿನಾ ಪೆರಿ. 2011ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾಯಿತು. ಇದು ಯಾವುದೋ ಆಲ್ಬಂಗೆಂದು ಬರೆದ ಪ್ರೇಮಗೀತೆ ಅಲ್ಲ. ಹದಿಹರೆಯದ ಪ್ರೇಕ್ಷಕರಿಗಾಗಿ ತೆಗೆದ ಒಂದು ರಕ್ತಪಿಶಾಚಿ ಸಿನಿಮಾಕ್ಕೆ ಬರೆದದ್ದು.

ಇಲ್ಲಿ ನಮ್ಮವರಿಗೆ ಸಹಜವಾಗಿ ಬರುವ ಪ್ರಶ್ನೆ ಇದು: ಹಾಲಿವುಡ್ ಸಿನಿಮಾದಲ್ಲಿ ನಾಯಕ, ನಾಯಕಿ ಹಾಡುವುದೇ ಇಲ್ಲವಲ್ಲ, ಮತ್ತೆ ಸಿನಿಮಾಕ್ಕೆ ಹಾಡು ಬರೆಸುವುದು ಯಾಕೆ? ಸಿನಿಮಾ ನೋಡದವರಿಗೂ ಆ ಹಾಡು ಇಷ್ಟವಾಗುವುದು ಹೇಗೆ? ಅದರಿಂದ ಬರುವ ದುಡ್ಡು ಯಾರಿಗೆ ಹೋಗುತ್ತದೆ? ಒಂದೊಂದಾಗಿ ನೋಡೋಣ.

ಸಿನಿಮಾ ಯಾವುದು, ಹಾಡಿದವರು ಯಾರು

‘ಟ್ವೈಲೈಟ್’ ಎನ್ನುವುದು ಸ್ಟೆಫನಿ ಮೇಯರ್ ಬರೆದ ಕಾದಂಬರಿ ಸರಣಿ. ಮೊದಲ ಪುಸ್ತಕ ಬಂದದ್ದು 2005ರಲ್ಲಿ. ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಎಂಬ ಊರು, ಸದಾ ಮಳೆ. ಅಲ್ಲಿಗೆ ಬರುವ ಬೆಲ್ಲಾ ಎಂಬ ಹುಡುಗಿ, ಶಾಲೆಯಲ್ಲಿ ಸಿಗುವ ಎಡ್ವರ್ಡ್ ಎಂಬ ಹುಡುಗ. ಅವನು ರಕ್ತಪಿಶಾಚಿ. ನೋಡಲು ಹದಿನೇಳು, ಅಸಲಿ ವಯಸ್ಸು ನೂರು ದಾಟಿದೆ. 2008ರಿಂದ 2012ರವರೆಗೆ ಇದರ ಮೇಲೆ ಐದು ಸಿನಿಮಾಗಳು ಬಂದವು. ಕೊನೆಯ ಕಾದಂಬರಿ ‘ಬ್ರೇಕಿಂಗ್ ಡಾನ್’ ಅನ್ನು ಎರಡು ಭಾಗ ಮಾಡಿದರು. ಮೊದಲ ಭಾಗ 2011ರ ನವೆಂಬರ್ 18ಕ್ಕೆ ತೆರೆಕಂಡಿತು. ಬೆಲ್ಲಾ ಮತ್ತು ಎಡ್ವರ್ಡ್ ಮದುವೆ ಇರುವುದು ಅದರಲ್ಲೇ. ನಮ್ಮ ಹಾಡು ಬಂದದ್ದೂ ಆ ಸಿನಿಮಾದ ಜೊತೆಗೆ.

ಕ್ರಿಸ್ಟಿನಾ ಪೆರಿ ಪೆನ್ಸಿಲ್ವೇನಿಯಾದವರು, ಹುಟ್ಟಿದ್ದು 1986ರಲ್ಲಿ. ತಾವೇ ಹಾಡು ಬರೆದು, ರಾಗ ಕಟ್ಟಿ, ತಾವೇ ಹಾಡುವವರು. ಇಂಥವರನ್ನು ಇಂಗ್ಲಿಷ್‌ನಲ್ಲಿ ಸಿಂಗರ್-ಸಾಂಗ್‌ರೈಟರ್ ಅನ್ನುತ್ತಾರೆ. 2010ರಲ್ಲಿ ಅವರು ಲಾಸ್ ಏಂಜಲಿಸ್‌ನಲ್ಲಿ ವೇಟ್ರೆಸ್ ಕೆಲಸ ಮಾಡುತ್ತಿದ್ದರು. ಯಾವ ಕಂಪನಿಯ ಜೊತೆಗೂ ಒಪ್ಪಂದ ಇರಲಿಲ್ಲ. ಅವರ ‘ಜಾರ್ ಆಫ್ ಹಾರ್ಟ್ಸ್’ ಹಾಡಿಗೆ ಟೀವಿಯ ಒಂದು ಡ್ಯಾನ್ಸ್ ಕಾರ್ಯಕ್ರಮದಲ್ಲಿ ಇಬ್ಬರು ಕುಣಿದರು. ಹಾಡು ರಾತ್ರೋರಾತ್ರಿ ಮಾರಾಟವಾಗತೊಡಗಿತು. ಕೆಲವೇ ವಾರಗಳಲ್ಲಿ ಅಟ್ಲಾಂಟಿಕ್ ರೆಕಾರ್ಡ್ಸ್ ಕಂಪನಿ ಅವರನ್ನು ಸೇರಿಸಿಕೊಂಡಿತು. ಈ ಕಂಪನಿಯ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹಾಡನ್ನು ಪೆರಿ ಒಬ್ಬರೇ ಬರೆಯಲಿಲ್ಲ. ಜೊತೆಗಿದ್ದವರು ಡೇವಿಡ್ ಹಾಡ್ಜಸ್. ಇವರು ಹಿಂದೆ ಇವಾನೆಸೆನ್ಸ್ ಎಂಬ ರಾಕ್ ಬ್ಯಾಂಡಿನಲ್ಲಿದ್ದರು. ಹಾಡಿನ ನಿರ್ಮಾಣ, ಅಂದರೆ ವಾದ್ಯ ಜೋಡಿಸಿ ರೆಕಾರ್ಡ್ ಮಾಡಿಸಿದ್ದೂ ಅವರೇ. ಪೆರಿ ಟ್ವೈಲೈಟ್ ಕಥೆಯ ಅಭಿಮಾನಿ. ಹಾಗಾಗಿ ಯಾರ ಪ್ರೀತಿಯ ಬಗ್ಗೆ ಬರೆಯಬೇಕು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಮ್ಮಲ್ಲಿ ಒಂದು ರೀತಿ, ಅಲ್ಲಿ ಇನ್ನೊಂದು ರೀತಿ

ಕನ್ನಡ ಸಿನಿಮಾದಲ್ಲಿ ಹಾಡು ಹೇಗೆ ಹುಟ್ಟುತ್ತದೆ ಎಂಬುದು ನಮಗೆ ಗೊತ್ತು. ನಿರ್ದೇಶಕರು ಸಂದರ್ಭ ವಿವರಿಸುತ್ತಾರೆ. ಸಂಗೀತ ನಿರ್ದೇಶಕರು ಟ್ಯೂನ್ ಕೊಡುತ್ತಾರೆ. ಟ್ಯೂನಿಗೆ ಕವಿ ಮಾತು ಕೂರಿಸುತ್ತಾರೆ. ಹಾಡುವವರು ಬೇರೆ, ತುಟಿ ಆಡಿಸುವವರು ಬೇರೆ. 2006ರ ‘ಮುಂಗಾರು ಮಳೆ’ಯ ‘ಅನಿಸುತಿದೆ ಯಾಕೋ ಇಂದು’ ತಗೊಳ್ಳಿ. ಸಂಗೀತ ಮನೋಮೂರ್ತಿ, ಸಾಹಿತ್ಯ ಜಯಂತ ಕಾಯ್ಕಿಣಿ, ದನಿ ಸೋನು ನಿಗಮ್, ತೆರೆಯ ಮೇಲೆ ಗಣೇಶ್. ಒಂದು ಹಾಡಿಗೆ ನಾಲ್ಕು ಜನ. ಆದರೆ ನೋಡುವವರ ಮಟ್ಟಿಗೆ ಅದು ಗಣೇಶ್ ಹಾಡಿದ ಹಾಡು. ಕಥೆಯೊಳಗೆ ನಿಂತ ಪಾತ್ರದ ಮಾತು ಅದು.

ಅಮೆರಿಕದ ಮಾಮೂಲಿ ಸಿನಿಮಾದಲ್ಲಿ ಸಂಗೀತ ಎರಡು ಬಗೆ. ಒಂದು, ಹಿನ್ನೆಲೆ ಸಂಗೀತ. ಇದನ್ನು ಸ್ಕೋರ್ ಅನ್ನುತ್ತಾರೆ. ‘ಬ್ರೇಕಿಂಗ್ ಡಾನ್’ಗೆ ಇದನ್ನು ಮಾಡಿದವರು ಕಾರ್ಟರ್ ಬರ್ವೆಲ್. ಇನ್ನೊಂದು, ಹಾಡುಗಳು. ಇವನ್ನು ಪಾತ್ರಗಳು ಹಾಡುವುದಿಲ್ಲ. ಕಾರಿನ ರೇಡಿಯೋದಲ್ಲಿ ಕೇಳಿಸಬಹುದು, ಪಾರ್ಟಿಯಲ್ಲಿ ಬರಬಹುದು, ಇಲ್ಲವೇ ಎಲ್ಲಿಂದ ಬಂತೆಂದು ಹೇಳದೆ ದೃಶ್ಯದ ಮೇಲೆ ಸುಮ್ನೆ ಹರಿಯಬಹುದು. ಎಷ್ಟೋ ಹಾಡುಗಳು ಸಿನಿಮಾದ ಕೊನೆಯಲ್ಲಿ ಕೆಲಸ ಮಾಡಿದವರ ಹೆಸರುಗಳು ಮೇಲೇರುವಾಗ ಮಾತ್ರ ಬರುತ್ತವೆ. ಅಷ್ಟರಲ್ಲಿ ಅರ್ಧ ಥಿಯೇಟರ್ ಪಾರ್ಕಿಂಗ್ ಕಡೆಗೆ ಹೊರಟಿರುತ್ತದೆ.

ಈ ಹಾಡುಗಳನ್ನೆಲ್ಲ ಸೇರಿಸಿ ಬಿಡುಗಡೆ ಮಾಡುವ ಆಲ್ಬಂಗೆ ಸೌಂಡ್‌ಟ್ರ್ಯಾಕ್ ಎಂದು ಹೆಸರು. ನಮ್ಮ ಆಡಿಯೋ ರಿಲೀಸ್ ಇದ್ದ ಹಾಗೆಯೇ, ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮಲ್ಲಿ ಒಂದು ಸಿನಿಮಾದ ಎಲ್ಲ ಹಾಡುಗಳಿಗೂ ಸಾಮಾನ್ಯವಾಗಿ ಒಬ್ಬರೇ ಸಂಗೀತ ನಿರ್ದೇಶಕರು. ಅಲ್ಲಿ ಹನ್ನೆರಡು ಹಾಡಿದ್ದರೆ ಹನ್ನೆರಡು ಬೇರೆ ಬೇರೆ ಗಾಯಕರು ಇಲ್ಲವೇ ಬ್ಯಾಂಡುಗಳು. ಪ್ರತಿಯೊಬ್ಬರೂ ತಮ್ಮ ಹಾಡು ತಾವೇ ಬರೆದು ತಂದವರು.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಯಾವುದು ಎಂದು ಹುಡುಕಿದರೆ 1987ರ ‘ಪ್ರೇಮಲೋಕ’ ನೆನಪಾಗುತ್ತದೆ. ಕಾಲೇಜು ಹುಡುಗರ ಸಿನಿಮಾ, ಹಾಡುಗಳಿಂದಲೇ ಮನೆಮಾತಾಯಿತು. ಹಂಸಲೇಖ ಮಾತು, ರಾಗ ಎರಡನ್ನೂ ತಾವೇ ಬರೆದರು. ಆದರೂ ಅವು ಪಾತ್ರಗಳು ಹಾಡುವ ಹಾಡುಗಳು, ಕಥೆಯೇ ಹಾಡಿನಲ್ಲಿ ಸಾಗುತ್ತದೆ. ಪೆರಿ ಹಾಡಿನ ಕೆಲಸ ಅದಲ್ಲ. ಅದು ಕಥೆಯ ಪಕ್ಕದಲ್ಲಿ ನಿಂತುಕೊಳ್ಳುವ ಹಾಡು.

ಹಾಡು ಆರಿಸುವುದೇ ಒಂದು ಕೆಲಸ

ಹಾಗಿದ್ದರೆ ಈ ಹನ್ನೆರಡು ಜನರನ್ನು ಹುಡುಕುವವರು ಯಾರು? ಅದಕ್ಕೆಂದೇ ಒಬ್ಬರು ಇರುತ್ತಾರೆ. ಮ್ಯೂಸಿಕ್ ಸೂಪರ್‌ವೈಸರ್. ಇವರು ಸಾಮಾನ್ಯವಾಗಿ ಟ್ಯೂನ್ ಹಾಕುವುದಿಲ್ಲ, ವಾದ್ಯ ನುಡಿಸುವುದಿಲ್ಲ. ನಿರ್ದೇಶಕರ ಜೊತೆ ಕೂತು ಎಲ್ಲಿ ಹಾಡು ಬೇಕು, ಎಲ್ಲಿ ಬೇಡ ಎಂದು ತೀರ್ಮಾನಿಸುತ್ತಾರೆ. ಈಗಾಗಲೇ ಇರುವ ಹಾಡಾದರೆ ಅದರ ಅನುಮತಿ ತರುತ್ತಾರೆ, ದರ ಮಾತಾಡುತ್ತಾರೆ. ಹೊಸದು ಬೇಕಾದರೆ ಯಾರಿಂದ ಬರೆಸಬೇಕು ಎಂದು ನೋಡುತ್ತಾರೆ.

ಟ್ವೈಲೈಟ್ ಸರಣಿಗೆ ಈ ಕೆಲಸ ಮಾಡಿದವರು ಅಲೆಕ್ಸಾಂಡ್ರಾ ಪಟ್ಸಾವಾಸ್. ‘ದಿ ಓ.ಸಿ.’, ‘ಗ್ರೇಸ್ ಅನಾಟಮಿ’ ಥರದ ಟೀವಿ ಧಾರಾವಾಹಿಗಳಲ್ಲಿ ಹೆಚ್ಚು ಜನ ಕೇಳಿರದ ಬ್ಯಾಂಡುಗಳ ಹಾಡು ಹಾಕಿ ಹೆಸರು ಮಾಡಿದ್ದವರು. 2008ರ ಮೊದಲ ಸಿನಿಮಾದ ಸೌಂಡ್‌ಟ್ರ್ಯಾಕ್ ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇ ಬಂತು. ಅಲ್ಲಿಂದ ಮುಂದೆ ಈ ಸರಣಿಗೆ ಹಾಡು ಕೊಡುವುದು ಗಾಯಕರಿಗೆ ದೊಡ್ಡ ಅವಕಾಶವಾಯಿತು. ಪುಸ್ತಕ ಓದಿ, ಸಿನಿಮಾ ನೋಡಿ, ಹಾಡನ್ನೂ ಕೊಳ್ಳುವ ಲಕ್ಷಾಂತರ ಹುಡುಗಿಯರು ಕಾದು ಕೂತಿದ್ದರು.

ಈಗ ಅಟ್ಲಾಂಟಿಕ್ ವಿಷಯಕ್ಕೆ ಬರೋಣ. ಪಟ್ಸಾವಾಸ್ ಅವರದ್ದೇ ಒಂದು ಪುಟ್ಟ ಸಂಗೀತ ಕಂಪನಿ ಇತ್ತು, ಚಾಪ್ ಶಾಪ್. ಅದು ಅಟ್ಲಾಂಟಿಕ್ ಜೊತೆ ಸೇರಿ ಟ್ವೈಲೈಟ್ ಆಲ್ಬಂಗಳನ್ನು ಹೊರತರುತ್ತಿತ್ತು. ಪೆರಿ ಇದ್ದದ್ದು ಅದೇ ಅಟ್ಲಾಂಟಿಕ್‌ನಲ್ಲಿ. ‘ಬ್ರೇಕಿಂಗ್ ಡಾನ್’ ಮೊದಲ ಭಾಗದ ಮುಖ್ಯ ಹಾಡು ‘ಇಟ್ ವಿಲ್ ರೇನ್’ ಹಾಡಿದ ಬ್ರೂನೋ ಮಾರ್ಸ್ ಕೂಡ ಅದೇ ಕಂಪನಿಯ ಗಾಯಕ. ಇದರಲ್ಲಿ ಮೋಸ ಏನೂ ಇಲ್ಲ, ವ್ಯಾಪಾರ ಹಾಗೇ ನಡೆಯುವುದು. ಕಂಪನಿಗೆ ತನ್ನ ಗಾಯಕರನ್ನು ಕೋಟಿಗಟ್ಟಲೆ ಜನರಿಗೆ ಮುಟ್ಟಿಸುವ ದಾರಿ ಸಿಗುತ್ತದೆ. ಸಿನಿಮಾಕ್ಕೆ ಬಿಡುಗಡೆಗೂ ಮುಂಚೆ ರೇಡಿಯೋದಲ್ಲಿ ಬಿಟ್ಟಿ ಪ್ರಚಾರ ಸಿಗುತ್ತದೆ. ಹಾಡು ಬಂದದ್ದು ಸಿನಿಮಾಕ್ಕಿಂತ ಸರಿಯಾಗಿ ಒಂದು ತಿಂಗಳು ಮೊದಲು, ಅಕ್ಟೋಬರ್ 18ಕ್ಕೆ. ಸುಮ್ನೆ ಇಟ್ಟ ತಾರೀಖಲ್ಲ ಅದು.

ಹದಿಹರೆಯದವರ ಸಿನಿಮಾಕ್ಕೇ ಯಾಕೆ ಇಷ್ಟು ಹಾಡು?

ಈ ನಂಟು 1955ರಷ್ಟು ಹಳೆಯದು. ಬಿಲ್ ಹೇಲಿ ಮತ್ತು ಅವರ ತಂಡ ಹಾಡಿದ ‘ರಾಕ್ ಅರೌಂಡ್ ದ ಕ್ಲಾಕ್’ 1954ರಲ್ಲಿ ಬಂದಾಗ ಅಷ್ಟೇನೂ ಓಡಲಿಲ್ಲ. ಮರುವರ್ಷ ಪುಂಡ ಹುಡುಗರ ಶಾಲೆಯ ಕಥೆ ಇರುವ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಸಿನಿಮಾದ ಶುರುವಿನಲ್ಲೇ ಅದನ್ನು ಹಾಕಿದರು. ಆ ಹಾಡು ಸಿನಿಮಾದವರ ಕೈಗೆ ಸಿಕ್ಕಿದ್ದು ಸಿನಿಮಾದ ನಾಯಕ ಗ್ಲೆನ್ ಫೋರ್ಡ್ ಅವರ ಮಗನ ರೆಕಾರ್ಡ್ ಸಂಗ್ರಹದಿಂದ. ಆ ಬೇಸಿಗೆಯಲ್ಲಿ ಹಾಡು ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಏರಿತು. ಹರೆಯದವರ ಕೈಯಲ್ಲಿ ಖರ್ಚಿಗೆ ದುಡ್ಡಿದೆ, ಅವರು ಅದನ್ನು ಹಾಡಿಗೆ ಹಾಕುತ್ತಾರೆ ಎಂಬುದು ಎರಡೂ ಉದ್ಯಮಗಳಿಗೆ ಹೊಳೆದದ್ದು ಆ ಕಾಲದಲ್ಲಿ.

1980ರ ದಶಕದಲ್ಲಿ ಜಾನ್ ಹ್ಯೂಸ್ ಎಂಬ ಬರಹಗಾರ, ನಿರ್ದೇಶಕ ಇದನ್ನು ಒಂದು ಕಲೆಯಂತೆ ಬೆಳೆಸಿದರು. ಅವರ 1985ರ ‘ದಿ ಬ್ರೇಕ್‌ಫಸ್ಟ್ ಕ್ಲಬ್’ಗೆ ಕೀತ್ ಫೋರ್ಸಿ ಮತ್ತು ಸ್ಟೀವ್ ಶಿಫ್ ಬರೆದ ಹಾಡನ್ನು ಸ್ಕಾಟ್ಲೆಂಡಿನ ಸಿಂಪಲ್ ಮೈಂಡ್ಸ್ ಬ್ಯಾಂಡ್ ಹಾಡಿತು. ಮೊದಲು ಆ ಬ್ಯಾಂಡಿನವರು ಒಪ್ಪಿರಲಿಲ್ಲ. ನಮ್ಮ ಹಾಡು ನಾವೇ ಬರೆದುಕೊಳ್ಳುತ್ತೇವೆ, ಬೇರೆಯವರದ್ದು ಯಾಕೆ ಎಂಬುದು ಅವರ ತಕರಾರು. ಕೊನೆಗೆ ಹಾಡಿದರು. ಅದು ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು.

ಇದಕ್ಕಿಂತ ಸ್ವಾರಸ್ಯದ ಕಥೆ ಮರುವರ್ಷದ್ದು. ಹ್ಯೂಸ್ ಬರೆದ ‘ಪ್ರೆಟಿ ಇನ್ ಪಿಂಕ್’ ಸಿನಿಮಾದಲ್ಲಿ ಬಡ ಹುಡುಗಿ ಆ್ಯಂಡಿ. ಅವಳನ್ನು ಮೊದಲಿಂದ ಇಷ್ಟಪಡುವ ಗೆಳೆಯ ಡಕಿ. ನಡುವೆ ಬರುವ ಶ್ರೀಮಂತ ಹುಡುಗ ಬ್ಲೇನ್. ಮೂಲ ಸ್ಕ್ರಿಪ್ಟಿನ ಕೊನೆಯಲ್ಲಿ ಆ್ಯಂಡಿ ಡಕಿಯ ಜೊತೆ ನಿಲ್ಲುತ್ತಾಳೆ. ಆ ದೃಶ್ಯಕ್ಕೆ ಇಂಗ್ಲೆಂಡಿನ ಓಎಂಡಿ ಎಂಬ ಬ್ಯಾಂಡ್ ‘ಗಾಡೆಸ್ ಆಫ್ ಲವ್’ ಎಂಬ ಹಾಡು ಬರೆದಿತ್ತು. ಸಿನಿಮಾವನ್ನು ಆಯ್ದ ಪ್ರೇಕ್ಷಕರಿಗೆ ತೋರಿಸಿದಾಗ ಅವರಿಗೆ ಕೊನೆ ಇಷ್ಟವಾಗಲಿಲ್ಲ. ಹುಡುಗಿ ಬ್ಲೇನ್ ಜೊತೆ ಸೇರಬೇಕಿತ್ತು ಅಂದರು. ಕೊನೆಯನ್ನು ಮತ್ತೆ ಶೂಟ್ ಮಾಡಿದರು. ಹಳೆಯ ಹಾಡು ಹೊಸ ಕೊನೆಗೆ ಹೊಂದಲಿಲ್ಲ.

ಓಎಂಡಿಯವರು ಪ್ರವಾಸಕ್ಕೆಂದು ಲಾಸ್ ಏಂಜಲಿಸ್‌ಗೆ ಬಂದಿಳಿದಿದ್ದರು. ಕೈಯಲ್ಲಿ ಟೈಮಿಲ್ಲ. ಒಂದೇ ದಿನದಲ್ಲಿ ಸ್ಟುಡಿಯೋದಲ್ಲಿ ಕೂತು ‘ಇಫ್ ಯೂ ಲೀವ್’ ಬರೆದರು. ಅದಕ್ಕೊಂದು ವಿಚಿತ್ರ ಷರತ್ತಿತ್ತು. ನೃತ್ಯದ ದೃಶ್ಯವನ್ನು ಸಿಂಪಲ್ ಮೈಂಡ್ಸ್ ಹಾಡು ಹಾಕಿಕೊಂಡು ಶೂಟ್ ಮಾಡಿದ್ದರು. ಹಾಗಾಗಿ ಹೊಸ ಹಾಡೂ ಅದಕ್ಕೆ ಹೊಂದುವ ವೇಗದಲ್ಲೇ ಇರಬೇಕು. ಇಲ್ಲದಿದ್ದರೆ ಹಿಂದೆ ಕುಣಿಯುವವರ ಕಾಲು ತಾಳ ತಪ್ಪುತ್ತದೆ. ಹಾಗೆ ಅವಸರದಲ್ಲಿ ಹುಟ್ಟಿದ ಹಾಡು ಅಮೆರಿಕದಲ್ಲಿ ನಾಲ್ಕನೇ ಸ್ಥಾನ ಮುಟ್ಟಿತು. ಅವರ ಸ್ವಂತ ದೇಶ ಬ್ರಿಟನ್‌ನಲ್ಲಿ 48ಕ್ಕೇ ನಿಂತಿತು. ಸಿನಿಮಾ ಎಲ್ಲಿ ಓಡಿತೋ ಹಾಡೂ ಅಲ್ಲಿ ಓಡಿತು.

ಸಿನಿಮಾಕ್ಕೆ ಬರೆಯುವುದೆಂದರೆ ಕವಿತೆ ಬರೆದ ಹಾಗಲ್ಲ ಎನ್ನುವುದು ಇದರಿಂದ ಗೊತ್ತಾಗುತ್ತದೆ. ದೃಶ್ಯದ ಉದ್ದ, ಕುಣಿತದ ವೇಗ, ಕಥೆಯ ಕೊನೆ ಎಲ್ಲವನ್ನೂ ಬೇರೆಯವರು ಮೊದಲೇ ತೀರ್ಮಾನಿಸಿರುತ್ತಾರೆ. ಉಳಿದ ಜಾಗದಲ್ಲಿ ಹಾಡು ಕಟ್ಟಬೇಕು.

ಹಾಡಿನೊಳಗೆ ಏನಿದೆ?

‘ಎ ಥೌಸಂಡ್ ಇಯರ್ಸ್’ ಅನ್ನು ಸಾಹಿತ್ಯ ಮುಂದಿಟ್ಟುಕೊಂಡು ಒಮ್ಮೆ ಕೇಳಿ. ಬೆಲ್ಲಾ ಇಲ್ಲ, ಎಡ್ವರ್ಡ್ ಇಲ್ಲ. ರಕ್ತ, ಹಲ್ಲು, ಕಾಡು, ತೋಳ ಯಾವುದೂ ಇಲ್ಲ. ಫೋರ್ಕ್ಸ್‌ನ ಮಳೆಯೂ ಇಲ್ಲ. ಪ್ರೀತಿಗೆ ಬೀಳಲು ಹೆದರುವ ಒಂದು ಜೀವ ಇದೆ. ಎದುರಿಗೆ ಒಬ್ಬಂಟಿಯಾಗಿ ನಿಂತವರನ್ನು ಕಂಡಾಗ ಅನುಮಾನ ಕರಗುವ ಕ್ಷಣ ಇದೆ. ಕಾದೆ, ಇನ್ನೂ ಕಾಯುತ್ತೇನೆ ಎಂಬ ಮಾತಿದೆ. ಸಾವಿರ ವರ್ಷ ಪ್ರೀತಿಸಿದ್ದೇನೆ, ಇನ್ನೊಂದು ಸಾವಿರ ವರ್ಷ ಪ್ರೀತಿಸುತ್ತೇನೆ ಎನ್ನುವುದು ಅದರ ಪಲ್ಲವಿ.

ಸಿನಿಮಾ ನೋಡಿದವರಿಗೆ ಇದು ಸಾವಿಲ್ಲದ ಎಡ್ವರ್ಡ್‌ನ ಮಾತು. ಅವನು ನಿಜಕ್ಕೂ ಸಾವಿರ ವರ್ಷ ಬದುಕಬಲ್ಲ. ಸಿನಿಮಾ ನೋಡದವರಿಗೆ ಅದು ಪ್ರೇಮಿಗಳು ಎಂದಿನಂತೆ ಹೇಳುವ ದೊಡ್ಡ ಮಾತು. ಎರಡೂ ಅರ್ಥ ಒಂದೇ ಸಾಲಿನಲ್ಲಿ ಕೂತಿವೆ, ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ನನ್ನ ಪ್ರಕಾರ ಹಾಡಿನ ಜಾಣ್ಮೆ ಪೂರ್ತಿ ಇರುವುದು ಇಲ್ಲೇ. ಲೆಕ್ಕ ಹಾಕಿದರೆ ಎಡ್ವರ್ಡ್ ಹುಟ್ಟಿದ್ದು 1901ರಲ್ಲಿ, ಇನ್ನೂ ನೂರ ಚಿಲ್ಲರೆ ವರ್ಷ ಅಷ್ಟೇ. ಸಾವಿರ ವರ್ಷ ಪ್ರೀತಿಸಿದ್ದೇನೆ ಅನ್ನಲು ಅವನಿಗೂ ಹಕ್ಕಿಲ್ಲ! ಪ್ರೇಮಗೀತೆಯಲ್ಲಿ ಯಾರೂ ಜನನ ಪ್ರಮಾಣಪತ್ರ ಕೇಳುವುದಿಲ್ಲ ಬಿಡಿ.

ತಾಳದ ವಿಷಯವೂ ಇದೆ. ಈಗಿನ ಪಾಪ್ ಹಾಡುಗಳಲ್ಲಿ ಹೆಚ್ಚಿನವು ನಾಲ್ಕರ ಲೆಕ್ಕದಲ್ಲಿ ನಡೆಯುತ್ತವೆ. ಒಂದು-ಎರಡು-ಮೂರು-ನಾಲ್ಕು. ಇದು ಮೂರರ ಲೆಕ್ಕ. ಒಂದು-ಎರಡು-ಮೂರು, ಒಂದು-ಎರಡು-ಮೂರು. ಪಶ್ಚಿಮದಲ್ಲಿ ಜೋಡಿಗಳು ಕೈ ಹಿಡಿದು ಸುತ್ತುವ ವಾಲ್ಟ್ಸ್ ನೃತ್ಯದ ನಡೆ ಇದು. ನಮ್ಮ ಕಿವಿಗೂ ಹೊಸದಲ್ಲ. ಆರು ಮಾತ್ರೆಯ ದಾದ್ರಾ ತಾಳದಲ್ಲಿ ಎಷ್ಟು ಭಾವಗೀತೆ ಕೇಳಿಲ್ಲ ನಾವು? ಮೂರರ ನಡೆಗೆ ತೂಗುವ ಗುಣ ಇದೆ. ತೊಟ್ಟಿಲಿಗೂ ಹೊಂದುತ್ತದೆ, ನಿಧಾನಕ್ಕೆ ಹೆಜ್ಜೆ ಇಡುವ ಮದುಮಗಳಿಗೂ ಹೊಂದುತ್ತದೆ. ಅಲ್ಲಿಯ ಮದುವೆಗಳಲ್ಲಿ ಗಂಡು ಹೆಣ್ಣು ಮೊದಲ ಸಲ ಜೊತೆಯಾಗಿ ಕುಣಿಯುವ ಪದ್ಧತಿ ಇದೆ. ಅದಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ.

ಹಾಡು ಬೆಳೆಯುವ ರೀತಿಯನ್ನೂ ಗಮನಿಸಿ. ಶುರುವಿನಲ್ಲಿ ದನಿ, ಅದರ ಹಿಂದೆ ತೆಳುವಾಗಿ ವಾದ್ಯ. ಪಲ್ಲವಿ ಬರುವ ತನಕ ಪೆರಿ ಜೋರಾಗಿ ಹಾಡುವುದೇ ಇಲ್ಲ. ಆಮೇಲೆ ತಂತಿವಾದ್ಯಗಳು ಒಂದೊಂದಾಗಿ ಸೇರುತ್ತವೆ. ಕೊನೆಯ ಭಾಗದಲ್ಲಿ ಎಲ್ಲವೂ ತುಂಬಿ ಹರಿದು, ಮತ್ತೆ ಇಳಿಯುತ್ತದೆ. ಐದು ನಿಮಿಷಕ್ಕೆ ಸ್ವಲ್ಪ ಕಡಿಮೆ. ರೇಡಿಯೋ ಲೆಕ್ಕದಲ್ಲಿ ಇದು ಉದ್ದ ಜಾಸ್ತಿ. ಬಾಗಿಲಿಂದ ಸ್ಟೇಜಿನವರೆಗೆ ನಡೆಯಲು ಮಾತ್ರ ಬೇಕಾದಷ್ಟು.

ಇಲ್ಲೊಂದು ತಮಾಷೆ ಇದೆ. ‘ಬ್ರೇಕಿಂಗ್ ಡಾನ್’ನ ಮದುವೆಗೆಂದು ಆರಿಸಿದ್ದು ಈ ಹಾಡನ್ನಲ್ಲ! ಅದಕ್ಕೆ ಐರನ್ ಆ್ಯಂಡ್ ವೈನ್ ಎಂಬ ಹೆಸರಿನಲ್ಲಿ ಹಾಡುವ ಸ್ಯಾಮ್ ಬೀಮ್ ಅವರ ‘ಫ್ಲೈಟ್‌ಲೆಸ್ ಬರ್ಡ್, ಅಮೆರಿಕನ್ ಮೌತ್’ ಹಾಡಿನ ಹೊಸ ರೂಪ ಮಾಡಿಸಿದ್ದರು. 2008ರ ಮೊದಲ ಸಿನಿಮಾದಲ್ಲಿ ಬೆಲ್ಲಾ, ಎಡ್ವರ್ಡ್ ಶಾಲೆಯ ಪಾರ್ಟಿಯಲ್ಲಿ ಕುಣಿಯುವಾಗ ಬಂದದ್ದು ಅದೇ ಹಾಡು. ಅಭಿಮಾನಿಗಳಿಗೆ ಅದು ಹಳೆಯ ನೆನಪು, ಹೊರಗಿನವರಿಗೆ ಮಾತಿನ ಅರ್ಥವೂ ಸುಲಭಕ್ಕೆ ಹತ್ತುವುದಿಲ್ಲ. ಲೋಕದ ಮದುವೆಗಳಿಗೆ ಹೋದದ್ದು ಪೆರಿ ಹಾಡು.

ಹಾಡು ಒಂದು, ಹಕ್ಕು ಎರಡು

ಈಗ ದುಡ್ಡಿನ ವಿಷಯ. ಪ್ರತಿ ಹಾಡಿನಲ್ಲೂ ಎರಡು ಬೇರೆ ಬೇರೆ ಆಸ್ತಿಗಳಿವೆ. ಒಂದು, ಮಾತು ಮತ್ತು ರಾಗ, ಅಂದರೆ ಬರೆದ ಹಾಡು. ಇನ್ನೊಂದು, ಅದನ್ನು ಒಂದು ದಿನ ಸ್ಟುಡಿಯೋದಲ್ಲಿ ಹಾಡಿ ಹಿಡಿದಿಟ್ಟ ರೆಕಾರ್ಡಿಂಗ್. ಇದಕ್ಕೆ ಮಾಸ್ಟರ್ ಎಂದು ಹೆಸರು. ಮನೆಯ ನಕ್ಷೆ ಮತ್ತು ಕಟ್ಟಿದ ಮನೆ ಇದ್ದ ಹಾಗೆ. ನಕ್ಷೆ ಎಂಜಿನಿಯರ್ ಹತ್ತಿರ ಇರಬಹುದು, ಮನೆ ಇನ್ನೊಬ್ಬರದಾಗಿರಬಹುದು. ಒಂದೇ ನಕ್ಷೆ ಇಟ್ಟುಕೊಂಡು ಹತ್ತು ಮನೆ ಕಟ್ಟಬಹುದು.

ಇಲ್ಲಿ ನಕ್ಷೆ ಬರೆದವರು ಪೆರಿ ಮತ್ತು ಹಾಡ್ಜಸ್. ಕಟ್ಟಿದ ಮನೆ ರೆಕಾರ್ಡ್ ಕಂಪನಿ ಬಿಡುಗಡೆ ಮಾಡಿದ ರೆಕಾರ್ಡಿಂಗ್. ಸಿನಿಮಾದಲ್ಲಿ ಹಾಡು ಬಳಸಲು ಎರಡಕ್ಕೂ ಬೇರೆ ಬೇರೆ ಅನುಮತಿ ಬೇಕು. ಬರೆದ ಹಾಡನ್ನು ಚಿತ್ರದ ಜೊತೆ ಜೋಡಿಸುವ ಅನುಮತಿಗೆ ಸಿಂಕ್ ಲೈಸೆನ್ಸ್ ಅನ್ನುತ್ತಾರೆ. ರೆಕಾರ್ಡಿಂಗ್ ಬಳಸುವ ಅನುಮತಿ ಮಾಸ್ಟರ್ ಲೈಸೆನ್ಸ್.

ಅಮೆರಿಕದ ಯೂಟಾ ರಾಜ್ಯದ ಪಿಯಾನೊ ಗೈಸ್ ಎಂಬ ತಂಡ ಇದೇ ಹಾಡನ್ನು ಪಿಯಾನೊ ಮತ್ತು ಚೆಲ್ಲೊದಲ್ಲಿ ನುಡಿಸಿದೆ. ಮದುವೆಗಳಲ್ಲಿ ಮಾತಿಲ್ಲದೆ ಕೇಳಿಸುವುದು ಎಷ್ಟೋ ಸಲ ಅದೇ. ಅದು ಅದೇ ನಕ್ಷೆಯ ಇನ್ನೊಂದು ಮನೆ. ರೆಕಾರ್ಡಿಂಗ್ ಬೇರೆಯವರದ್ದು, ಆದರೆ ರಾಗ ಪೆರಿ ಮತ್ತು ಹಾಡ್ಜಸ್ ಅವರದ್ದು. ಹಾಗಾಗಿ ಬರೆದವರ ಪಾಲು ಅವರಿಗೆ ಸಲ್ಲಬೇಕು. ಹಾಡುವವರೇ ಬರೆದವರೂ ಆದರೆ ಲಾಭ ಇರುವುದು ಇದರಲ್ಲೇ. ಬೇರೆ ಯಾರೇ ಹಾಡಿದರೂ, ನುಡಿಸಿದರೂ ಒಂದು ಪಾಲು ಬರುತ್ತಲೇ ಇರುತ್ತದೆ.

ಟೇಲರ್ ಸ್ವಿಫ್ಟ್ ತಮ್ಮ ಹಳೆಯ ಆಲ್ಬಂಗಳನ್ನು ಮತ್ತೆ ಹಾಡಿ ಬಿಡುಗಡೆ ಮಾಡಿದ ಸುದ್ದಿ ಓದಿರಬಹುದು. ಅದರ ಗುಟ್ಟೂ ಇದೇ. 2019ರಲ್ಲಿ ಅವರ ಮೊದಲ ಆರು ಆಲ್ಬಂಗಳ ಮಾಸ್ಟರ್‌ಗಳು ಬೇರೆಯವರ ಕೈಗೆ ಹೋದವು. ಹಾಡು ಬರೆದವರು ಅವರೇ ಆದ್ದರಿಂದ, ಹಳೆಯ ಒಪ್ಪಂದದ ಗಡುವು ಮುಗಿದ ಮೇಲೆ ಹೊಸದಾಗಿ ರೆಕಾರ್ಡ್ ಮಾಡಲು ಅಡ್ಡಿ ಇರಲಿಲ್ಲ. 2021ರಿಂದ ಒಂದೊಂದೇ ಹೊರಬಂತು. ಕೊನೆಗೆ 2025ರಲ್ಲಿ ಹಳೆಯ ಮಾಸ್ಟರ್‌ಗಳನ್ನೂ ಅವರೇ ಕೊಂಡುಕೊಂಡರು.

ನಮ್ಮ ದೇಶದಲ್ಲಿ ಸಿನಿಮಾ ಹಾಡು ಬರೆದವರ ಸ್ಥಿತಿ ಬಹುಕಾಲ ಬೇರೆಯೇ ಇತ್ತು. ನಿರ್ಮಾಪಕರು ಒಮ್ಮೆ ದುಡ್ಡು ಕೊಟ್ಟು ಎಲ್ಲ ಹಕ್ಕನ್ನೂ ಬರೆಸಿಕೊಳ್ಳುತ್ತಿದ್ದರು, ಅದನ್ನು ಆಡಿಯೋ ಕಂಪನಿಗೆ ಮಾರುತ್ತಿದ್ದರು. ಹಾಡು ಇಪ್ಪತ್ತು ವರ್ಷ ಓಡಿದರೂ ಕವಿಗೆ ಸಿಕ್ಕಿದ್ದು ಅಂದಿನ ಸಂಭಾವನೆ ಅಷ್ಟೇ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. ಕವಿ ಮತ್ತು ಗೀತರಚನೆಕಾರ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದಕ್ಕಾಗಿ ಮಾತಾಡಿದ್ದರು. ಈಗ ಥಿಯೇಟರಿನಲ್ಲಿ ಸಿನಿಮಾದ ಜೊತೆ ಕೇಳಿಸುವುದನ್ನು ಬಿಟ್ಟು ಬೇರೆ ಎಲ್ಲಿ ಹಾಡು ಬಳಕೆಯಾದರೂ ಹಕ್ಕು ಕೊಂಡವರ ಜೊತೆ ಸಾಹಿತಿ ಮತ್ತು ಸಂಗೀತ ನಿರ್ದೇಶಕರಿಗೂ ಸಮಪಾಲು ಸಲ್ಲಬೇಕು. ಆ ಪಾಲನ್ನು ನಿರ್ಮಾಪಕರಿಗೋ ಆಡಿಯೋ ಕಂಪನಿಗೋ ಬರೆದುಕೊಡಲು ಕಾನೂನು ಬಿಡುವುದಿಲ್ಲ.

ನಮ್ಮ ಮನೆ ಮದುವೆಯಲ್ಲಿ ಹಾಕಬಹುದಾ?

ಇದು ಜನ ಜಾಸ್ತಿ ಕೇಳುವ ಪ್ರಶ್ನೆ. ಭಾರತದ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ವಿನಾಯಿತಿಗಳ ಪಟ್ಟಿ ಇದೆ. ಧಾರ್ಮಿಕ ಸಮಾರಂಭದಲ್ಲಿ ಹಾಡು ಹಾಕುವುದು ಉಲ್ಲಂಘನೆ ಅಲ್ಲ ಎಂದು ಅದು ಹೇಳುತ್ತದೆ. ಮದುವೆ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಇತರ ಸಂಭ್ರಮಗಳೂ ಅದರಲ್ಲಿ ಸೇರುತ್ತವೆ ಎಂಬ ವಿವರಣೆಯೂ ಅಲ್ಲೇ ಇದೆ.

ಆ ಮದುವೆಯ ವಿಡಿಯೋವನ್ನು ಎಡಿಟ್ ಮಾಡಿ ಹಾಡಿನ ಸಮೇತ ಯೂಟ್ಯೂಬ್‌ಗೆ ಹಾಕುವುದು ಬೇರೆ ಮಾತು. ಅಲ್ಲಿ ಹಾಡನ್ನು ಚಿತ್ರಕ್ಕೆ ಜೋಡಿಸಿದ್ದೀರಿ. ಲೆಕ್ಕಕ್ಕೆ ನೀವೂ ಪುಟ್ಟ ಸಿನಿಮಾ ನಿರ್ಮಾಪಕರಾದಿರಿ. ಯೂಟ್ಯೂಬಿನ ಕಂಟೆಂಟ್ ಐಡಿ ಎಂಬ ವ್ಯವಸ್ಥೆ ಹಾಡನ್ನು ತಾನೇ ಗುರುತು ಹಿಡಿಯುತ್ತದೆ. ಆಮೇಲೆ ಏನಾಗಬೇಕು ಎಂಬುದು ಹಕ್ಕುದಾರರಿಗೆ ಬಿಟ್ಟದ್ದು. ವಿಡಿಯೋ ತಡೆಯಬಹುದು, ಜಾಹೀರಾತು ಹಾಕಿ ಅದರ ದುಡ್ಡು ತಾವು ತಗೊಳ್ಳಬಹುದು, ಇಲ್ಲವೇ ಎಷ್ಟು ಜನ ನೋಡಿದರು ಎಂದು ಸುಮ್ನೆ ಗಮನಿಸಬಹುದು. ಮದುವೆ ಆಲ್ಬಂ ವಿಡಿಯೋಗೆ ಜಾಹೀರಾತು ಅಂಟಿಕೊಳ್ಳುವುದು ಹೀಗೆ.

31ನೇ ಸ್ಥಾನದ ಹಾಡು ದೊಡ್ಡದಾದದ್ದು

ಆಸ್ಕರ್ ವಿಷಯ ಬೇಗ ಮುಗಿಸೋಣ. ಸಿನಿಮಾಕ್ಕೆಂದೇ ಬರೆದಿರಬೇಕು, ಸಿನಿಮಾದ ಒಳಗೆ ಇಲ್ಲವೇ ಕೊನೆಯ ಹೆಸರುಗಳ ಜೊತೆ ಮೊದಲು ಕೇಳಿಸುವ ಹಾಡಾಗಿರಬೇಕು ಎನ್ನುವುದು ಅತ್ಯುತ್ತಮ ಹಾಡಿನ ಪ್ರಶಸ್ತಿಯ ನಿಯಮ. ಕೀರವಾಣಿ ಮತ್ತು ಚಂದ್ರಬೋಸ್ ಅವರ ‘ನಾಟು ನಾಟು’ 2023ರಲ್ಲಿ ಗೆದ್ದದ್ದು ಇದೇ ವಿಭಾಗದಲ್ಲಿ. 2011ರ ಸಿನಿಮಾಗಳ ಪೈಕಿ ಅಂತಿಮ ಪಟ್ಟಿಗೆ ಬಂದದ್ದು ಎರಡೇ ಹಾಡು. ಅದರಲ್ಲಿ ‘ಎ ಥೌಸಂಡ್ ಇಯರ್ಸ್’ ಇರಲಿಲ್ಲ.

ಬಿಲ್‌ಬೋರ್ಡ್ ಹಾಟ್ 100 ಎನ್ನುವುದು ಅಮೆರಿಕದಲ್ಲಿ ಪ್ರತಿ ವಾರ ಬರುವ ನೂರು ಹಾಡುಗಳ ಪಟ್ಟಿ. ಆ ವಾರದ ಮಾರಾಟ, ರೇಡಿಯೋ, ಆನ್‌ಲೈನ್ ಕೇಳುಗರು ಎಲ್ಲವನ್ನೂ ಕೂಡಿ ಲೆಕ್ಕ ಹಾಕುತ್ತಾರೆ. ಬ್ರೂನೋ ಮಾರ್ಸ್ ಅವರ ‘ಇಟ್ ವಿಲ್ ರೇನ್’ ಅದರಲ್ಲಿ ಮೂರನೇ ಸ್ಥಾನದವರೆಗೆ ಹೋಯಿತು. ಪೆರಿ ಹಾಡು 31ಕ್ಕಿಂತ ಮೇಲೆ ಏರಲೇ ಇಲ್ಲ. ಪಟ್ಟಿ ನೋಡಿದವರು ಗೆದ್ದದ್ದು ಯಾವುದು ಎಂದು ಆಗಲೇ ತೀರ್ಮಾನಿಸಿರಬಹುದು.

ಆದರೆ ವಾರದ ಪಟ್ಟಿ ಅಳೆಯುವುದು ಆ ವಾರವನ್ನು ಮಾತ್ರ. ಒಂದೇ ವಾರ ಹತ್ತು ಲಕ್ಷ ಜನ ಕೇಳಿ ಮರೆತರೆ ಹಾಡು ಮೇಲೇರುತ್ತದೆ. ಹತ್ತು ವರ್ಷ, ಪ್ರತಿ ಶನಿವಾರ ಯಾವುದೋ ಮದುವೆಯಲ್ಲಿ ಕೇಳಿಸುತ್ತಿದ್ದರೆ ಅದು ಆ ಪಟ್ಟಿಗೆ ಕಾಣುವುದೇ ಇಲ್ಲ. 2012ರಲ್ಲಿ ಸರಣಿಯ ಕೊನೆಯ ಸಿನಿಮಾ ಬಂದಾಗ ನಟ, ಗಾಯಕ ಸ್ಟೀವ್ ಕಜೀ ಜೊತೆ ಪೆರಿ ಹಾಡಿದ ಎರಡನೇ ರೂಪ ಬಂತು. ಟ್ವೈಲೈಟ್ ಕಥೆ ಅಲ್ಲಿಗೆ ಮುಗಿಯಿತು. ಹಾಡು ಮದುವೆಗಳಲ್ಲಿ ಓಡುತ್ತಲೇ ಇತ್ತು.

ಹೀಗೆ ಒಟ್ಟು ಲೆಕ್ಕ ಇಡುವುದು ಅಲ್ಲಿಯ ರೆಕಾರ್ಡ್ ಕಂಪನಿಗಳ ಸಂಘ, ಆರ್‌ಐಎಎ. ಮಾರಾಟ ಐದು ಲಕ್ಷ ಮುಟ್ಟಿದರೆ ಗೋಲ್ಡ್, ಹತ್ತು ಲಕ್ಷಕ್ಕೆ ಪ್ಲಾಟಿನಂ, ಒಂದು ಕೋಟಿಗೆ ಡೈಮಂಡ್. ಆನ್‌ಲೈನ್‌ನಲ್ಲಿ 150 ಸಲ ಕೇಳಿದರೆ ಒಂದು ಮಾರಾಟ ಎಂದು ಹಿಡಿಯುತ್ತಾರೆ. ‘ಎ ಥೌಸಂಡ್ ಇಯರ್ಸ್’ಗೆ ಡೈಮಂಡ್ ಸಿಕ್ಕಿದ್ದು 2022ರಲ್ಲಿ, ಬಿಡುಗಡೆಯಾಗಿ ಹನ್ನೊಂದನೇ ವರ್ಷಕ್ಕೆ. ಇದು ಅಮೆರಿಕದೊಳಗಿನ ಲೆಕ್ಕ ಮಾತ್ರ. ದಾವಣಗೆರೆಯಲ್ಲೋ ಉಡುಪಿಯಲ್ಲೋ ಕೇಳಿದ್ದು ಆ ಒಂದು ಕೋಟಿಯಲ್ಲಿ ಸೇರಿಲ್ಲ.